ಬೆಲ್ಟಾ, ಡೈರೆಕ್ಟಾ? ಕೊಡಗಿನ ಮನೆಗೊಂದು ಟರ್ನ್‌ಟೇಬಲ್

ಟರ್ನ್‌ಟೇಬಲ್ ಅಂದರೆ ಹಾಡಿನ ರೆಕಾರ್ಡ್ ನುಡಿಸುವ ಯಂತ್ರ. ಬೆಲ್ಟ್ ಡ್ರೈವ್‌ನಲ್ಲಿ ಮೋಟಾರು ಪಕ್ಕಕ್ಕಿರುತ್ತದೆ, ರೆಕಾರ್ಡ್ ಕೂರುವ ತಟ್ಟೆಯನ್ನು ತಿರುಗಿಸುವುದು ರಬ್ಬರ್ ಬೆಲ್ಟ್. ಮೋಟಾರಿನ ನಡುಕವನ್ನು ಬೆಲ್ಟ್ ಬಹುಪಾಲು ತಾನೇ ನುಂಗುತ್ತದೆ. ಸೂಜಿಗೆ ಗುಂಯ್ ಸದ್ದು ತಲುಪುವುದು ಕಡಿಮೆ. ವೀಣೆ, ನಿಧಾನದ ಆಲಾಪ ಕೇಳುವವರಿಗೆ ಇದೇ ಚೆಂದ. ಆದರೆ ಬೆಲ್ಟ್ ಸಡಿಲವಾದರೆ ಎಳೆದು ಹಾಡಿದ ಸ್ವರ ಅಲುಗುತ್ತದೆ.

ಡೈರೆಕ್ಟ್ ಡ್ರೈವ್‌ನಲ್ಲಿ ತಟ್ಟೆ ಮೋಟಾರಿನ ಮೇಲೇ ಕೂತಿರುತ್ತದೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಈ ಜಾತಿಯದು. ಗುಂಡಿ ಒತ್ತಿದೊಡನೆ ವೇಗ ಸಿಗುತ್ತದೆ. ಹರಳಿನ ಮಿಡಿತ ನೋಡಿ ವೇಗ ಕಾಯುವ ಕ್ವಾರ್ಟ್ಜ್ ನಿಯಂತ್ರಣ ಇದ್ದರೆ ಎಲ್‌ಪಿ ರೆಕಾರ್ಡಿಗೆ ಬೇಕಾದ ನಿಮಿಷಕ್ಕೆ 33⅓ ಸುತ್ತು ತಪ್ಪುವುದಿಲ್ಲ. ತೀರಾ ಅಗ್ಗದ್ದು ತಗೊಂಡರೆ ಮಾತ್ರ ಮೋಟಾರಿನ ನಡುಕವೂ ಹಾಡಿನ ಜೊತೆ ಬರಬಹುದು.

ಗ್ಯಾರಾರ್ಡ್ 301ರಂಥ ಐಡ್ಲರ್ ಯಂತ್ರಗಳೂ ಇವೆ; ಇವುಗಳಲ್ಲಿ ತಟ್ಟೆಯನ್ನು ತಿರುಗಿಸುವುದು ರಬ್ಬರ್ ಅಂಚಿನ ಚಕ್ರ. ದನಿ ಗಟ್ಟಿ, ಆದರೆ ರಿಪೇರಿ ಹುಚ್ಚು ಇದ್ದವರಿಗೆ ಮಾತ್ರ.

ಈಗ ನಮ್ಮೂರಿನ ವಿಷಯ. ಹಳೆಯ ಮನೆಯ ಹಲಗೆ ಮಹಡಿಯಲ್ಲಿ ಯಾರಾದರೂ ಜೋರಾಗಿ ನಡೆದರೆ, ಸ್ಪ್ರಿಂಗ್ ಮೇಲೆ ಕೂತ ಬೆಲ್ಟ್ ಯಂತ್ರದ ಸೂಜಿ ಹಾರುತ್ತದೆ. ಗೋಡೆಗೆ ಶೆಲ್ಫ್ ಹೊಡೆಸಿ ಅದರ ಮೇಲಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಹಾಕಿದಾಗ ಇನ್ನೊಂದು ತಕರಾರು: ಹಳೆಯ ಬೆಲ್ಟ್ ಯಂತ್ರಗಳ ಎಸಿ ಮೋಟಾರು ಕರೆಂಟಿನ 50 ಹರ್ಟ್ಜ್ (ಸೆಕೆಂಡಿಗೆ 50 ಆವರ್ತ) ನಂಬಿ ಓಡುತ್ತದೆ. ಜನರೇಟರ್ ನಿಧಾನವಾದರೆ ಹಾಡೂ ನಿಧಾನ, ಶ್ರುತಿಯೂ ಇಳಿಯುತ್ತದೆ! ಕ್ವಾರ್ಟ್ಜ್ ಯಂತ್ರಕ್ಕೆ ಈ ಕಾಟವಿಲ್ಲ.

ಹಾಗಾಗಿ ಹಲಗೆ ಮಹಡಿ, ಜನರೇಟರ್ ಎರಡೂ ಇರುವ ತೋಟದ ಮನೆಗೆ ನನ್ನ ಓಟು ಡೈರೆಕ್ಟ್‌ಗೇ. ಮಡಿಕೇರಿ ಪೇಟೆಯ ಕಾಂಕ್ರೀಟ್ ಮನೆಯಾದರೆ ಬೆಲ್ಟ್ ತಗೊಳ್ಳಿ, ಉಳಿದ ದುಡ್ಡು ಸೂಜಿ ಕೂರುವ ಭಾಗಕ್ಕೆ, ಅಂದರೆ ಒಳ್ಳೆಯ ಕಾರ್ಟ್ರಿಜ್‌ಗೆ ಹಾಕಿ.