25 ಗ್ರಾಂ ಪ್ರೋಟೀನ್‌ಗೆ ನಾಲ್ಕು ದಾರಿ: ಮೊಟ್ಟೆ, ಮೀಲ್ ಮೇಕರ್, ಹುರುಳಿಕಾಳು, ವೇ ಪೌಡರ್

‘ದಿನಕ್ಕೆ 100 ಗ್ರಾಂ ಪ್ರೋಟೀನ್’ ಅನ್ನೋ ರೀಲ್ಸ್ ಈಗ ಎಲ್ಲರ ಫೋನಿನಲ್ಲೂ ಓಡುತ್ತಿವೆ. ವೇ ಪೌಡರ್ ಇಲ್ಲದೆ ಬಾಡಿ ಆಗೋದೇ ಇಲ್ಲ ಅಂತ ಒಬ್ಬರು ಹೇಳುತ್ತಾರೆ. ನಮ್ಮ ಕಾಳುಗಳೇ ಸಾಕು, ಡಬ್ಬ ಎಲ್ಲ ವಿಷ ಅಂತ ಇನ್ನೊಬ್ಬರು. ಎರಡೂ ಕಡೆಯವರ ಮಾತು ಕೇಳಿ ಸಾಕಾಗಿ, ನಾಲ್ಕನ್ನೂ ಒಂದಾದ ಮೇಲೆ ಒಂದರಂತೆ ವಾರಗಟ್ಟಲೆ ತಿಂದು ನೋಡಿದೆ. ಜಿಮ್‌ನಲ್ಲಿ ಮಾತ್ರ ಏನೂ ಬದಲಿಸಲಿಲ್ಲ. ಅದೇ ಸ್ಕ್ವಾಟ್, ಅದೇ ಡೆಡ್‌ಲಿಫ್ಟ್, ಅದೇ ಬೆಂಚ್ ಪ್ರೆಸ್.

ಮೊದಲು ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ಜನರಿಗೆ ಹೇಳುವುದು ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರು 1.6 ಗ್ರಾಂ ದಾಟಿದರೆ ಹೆಚ್ಚಿನ ಲಾಭ ಇಲ್ಲ ಅಂತ ಅದೇ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ನನ್ನ ತೂಕ 60 ಕಿಲೋ. ಅಂದರೆ ಗರಿಷ್ಠ 96 ಗ್ರಾಂ. ಮೂರು ಹೊತ್ತು 25 ಗ್ರಾಂ ಸಿಕ್ಕರೆ, ಉಳಿದದ್ದು ಅನ್ನ, ಮುದ್ದೆ, ಹಾಲು, ಮೊಸರಿನಿಂದ ತಾನಾಗಿಯೇ ಸೇರುತ್ತದೆ. ಹಾಗಾಗಿ 25 ಗ್ರಾಂ ಅನ್ನೋದನ್ನೇ ಅಳತೆಗೋಲು ಮಾಡಿಕೊಂಡೆ.

ಮೊಟ್ಟೆಯದು ಸುಲಭದ ಕೆಲಸ. ಒಂದರಲ್ಲಿ ಸುಮಾರು 6 ಗ್ರಾಂ, ನಾಲ್ಕು ತಿಂದರೆ ಮುಗಿಯಿತು. ಕ್ಯಾಲೊರಿ 300ರ ಒಳಗೆ. ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಮೆಣಸು ಉದುರಿಸಿದರೆ ಬೇರೇನೂ ಬೇಡ. ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯುವ ರೀಲ್ಸ್ ಮಾತ್ರ ದಯವಿಟ್ಟು ನಂಬಬೇಡಿ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇ. 90ರಷ್ಟು ಜೀರ್ಣ ಆಗುತ್ತದೆ, ಹಸಿಯದು ಶೇ. 50ರ ಆಸುಪಾಸು. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ಇನ್ನು ಮೀಲ್ ಮೇಕರ್, ಅಂದರೆ ಸೋಯಾ ಚಂಕ್ಸ್. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಒಣಗಿದ್ದು 50 ಗ್ರಾಂ ತೂಗಿದರೆ 26 ಗ್ರಾಂ ಪ್ರೋಟೀನ್, ಕ್ಯಾಲೊರಿ 170ರಷ್ಟು, ಕೊಬ್ಬು ಹೆಸರಿಗಷ್ಟೇ. ಆದರೆ ಒಂದು ಎಚ್ಚರ. ನೂರು ಗ್ರಾಂಗೆ 52 ಗ್ರಾಂ ಅಂತ ಪೊಟ್ಟಣದ ಮೇಲೆ ಇರುವುದು ಒಣಗಿದ್ದರ ಲೆಕ್ಕ. ನೀರು ಹೀರಿ ಉಬ್ಬಿದ್ದನ್ನು ತೂಗಿ 52 ಅಂತ ಬರೆದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಅದರ ವಾಸನೆ ಹಲವರಿಗೆ ಆಗುವುದಿಲ್ಲ. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ಅಂಗೈಯಲ್ಲಿ ಒತ್ತಿ ಹಿಂಡಬೇಕು. ಹಳದಿ ನೊರೆನೀರು ಬರುತ್ತದೆ. ಅದು ತಿಳಿಯಾಗುವ ತನಕ ಇನ್ನೊಂದೆರಡು ಸಲ ಹಿಂಡಿ. ಆಮೇಲೆ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಜೊತೆ ಬಾಣಲೆಯಲ್ಲಿ ಹುರಿದು ಸಾಗುಗೆ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ದಿನಾ ತಿಂದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ, ದಿನ ಬಿಟ್ಟು ದಿನ ಆದರೆ ತೊಂದರೆ ಇಲ್ಲ.

ಹುರುಳಿಕಾಳಿನ ಮೇಲೆ ನನಗೆ ಪ್ರೀತಿ ಜಾಸ್ತಿ, ಆದರೂ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಒಣಕಾಳು 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ, ನಿಜ. ಬೆಂದ ಮೇಲೆ ಒಂದು ಸಣ್ಣ ಬಟ್ಟಲಿನಲ್ಲಿ ಸಿಗುವುದು ಏಳೆಂಟು ಗ್ರಾಂ ಮಾತ್ರ. 25 ಮುಟ್ಟಬೇಕು ಅಂದರೆ ಮೂರು ಬಟ್ಟಲು ಕಾಳು ತಿನ್ನಬೇಕು, ಕ್ಯಾಲೊರಿ 350 ದಾಟುತ್ತದೆ. ಬಸ್ಸಾರಿನ ಊಟದಲ್ಲಿ ಇನ್ನೊಂದು ವಿಷಯ ಇದೆ. ನಾವು ಮುದ್ದೆ ಮುಳುಗುವಷ್ಟು ಸಾರು ಬಡಿಸಿಕೊಳ್ಳುತ್ತೇವೆ, ಪಲ್ಯ ಮಾತ್ರ ತಟ್ಟೆಯಂಚಿಗೆ ಒಂದು ಚಮಚ. ಪ್ರೋಟೀನ್‌ನ ಹೆಚ್ಚಿನ ಪಾಲು ಇರುವುದು ಬಸಿದ ನೀರಿನಲ್ಲಲ್ಲ, ಆ ಪಲ್ಯದ ಕಾಳಿನಲ್ಲಿ! ನಾನು ಮುದ್ದೆ ಚಿಕ್ಕದು ಮಾಡಿ ಪಲ್ಯ ಎರಡು ಸೌಟು ಹಾಕಿಸಿಕೊಂಡೆ. ಅಷ್ಟರಿಂದಲೇ ತುಂಬ ವ್ಯತ್ಯಾಸ ಆಯಿತು. ಹಾಗಂತ ಮುದ್ದೆ ಬಿಡಬೇಡಿ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನೈನ್ ಅನ್ನೋ ಅಮೈನೋ ಆಮ್ಲ ರಾಗಿಯಲ್ಲಿ ಚೆನ್ನಾಗಿದೆ. ಬರೀ ರಾಗಿಯಿಂದ ಮಸಲ್ ಬರುತ್ತದೆ ಅನ್ನೋದು ಮಾತ್ರ ಸುಳ್ಳು. ಅದರ ಹಿಟ್ಟಿನಲ್ಲಿ ಪ್ರೋಟೀನ್ 100 ಗ್ರಾಂಗೆ ಏಳು ಗ್ರಾಂ ಅಷ್ಟೇ. ಹುರುಳಿ ಉಷ್ಣ ಅಂತ ಬೇಸಿಗೆಯಲ್ಲಿ ಅಮ್ಮ ಹೆಸರುಕಾಳಿಗೆ ಬದಲಾಯಿಸಿದರು. ಅದರಲ್ಲೂ ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ ಇದೆ.

ವೇ ಪೌಡರ್ ಸ್ಟೀರಾಯ್ಡ್ ಅಲ್ಲ. ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನ್ ಅದು. ಹಾಲಿನ ಪ್ರೋಟೀನಿನಲ್ಲಿ ಅದರ ಪಾಲು ಶೇ. 20ರಷ್ಟು. ಒಂದು ಸ್ಕೂಪ್‌ಗೆ 24 ಗ್ರಾಂ, ಕ್ಯಾಲೊರಿ 120, ಕುಡಿಯೋಕೆ ಒಂದು ನಿಮಿಷ ಸಾಕು. ತೂಕ ಇಳಿಸುತ್ತಾ ಮಸಲ್ ಉಳಿಸಿಕೊಳ್ಳಬೇಕು ಅನ್ನುವವರಿಗೆ ಇದರಷ್ಟು ಹಗುರವಾದದ್ದು ಬೇರೆ ಇಲ್ಲ. ಬೆಲೆಯಲ್ಲಿ ಮಾತ್ರ ನಾಲ್ಕರಲ್ಲೂ ಇದೇ ದುಬಾರಿ. ಹಾಲು ಆಗದವರಿಗೆ ಕಾನ್ಸಂಟ್ರೇಟ್ ಅನ್ನೋ ಸಾಮಾನ್ಯ ವೇ ಪೌಡರ್ ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಅವರು ಐಸೊಲೇಟ್ ಅನ್ನೋ ಹೆಚ್ಚು ಶೋಧಿಸಿದ ಬಗೆ ನೋಡಬಹುದು, ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತೀರಾ ಕಡಿಮೆ. ಕೊಳ್ಳುವಾಗ ಸೀಲ್ ಮತ್ತು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ನೋಡಿ. ಸೀಲ್ ಒಡೆದ ಡಬ್ಬದಿಂದ ಕವರಿಗೆ ತುಂಬಿ ಮಾರುವವರ ಹತ್ತಿರ ತಗೊಳ್ಳಲೇಬೇಡಿ.

ಪನೀರ್ ಬಗ್ಗೆ ಕೇಳುತ್ತೀರಿ ಅಲ್ವಾ? 25 ಗ್ರಾಂಗೆ 140 ಗ್ರಾಂ ಪನೀರ್ ಬೇಕು, ಜೊತೆಗೆ ಅಷ್ಟೇ ಕೊಬ್ಬೂ ಬರುತ್ತದೆ. ವಾರಕ್ಕೊಮ್ಮೆ ರುಚಿಗೆ ಇರಲಿ.

ಜಿಮ್‌ನಲ್ಲಿ ನಾನು ಎತ್ತುವ ತೂಕ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಥರ ಏರಿತು. ಹಾಗಾಗಿ ನಾನು ಆರಿಸಿಕೊಂಡದ್ದು ಹೊಟ್ಟೆ, ಜೇಬು, ಸಮಯ ನೋಡಿಕೊಂಡು. ಬೆಳಿಗ್ಗೆ ಮೊಟ್ಟೆ. ಮಧ್ಯಾಹ್ನದ ಡಬ್ಬಿಗೆ ಒಂದು ದಿನ ಮೀಲ್ ಮೇಕರ್, ಇನ್ನೊಂದು ದಿನ ಕಾಳುಪಲ್ಯ, ಜೊತೆಗೆ ಗಟ್ಟಿ ಮೊಸರು. ರಾತ್ರಿ ಮನೆಯವರಿಗೆ ಮಾಡಿದ್ದೇ ನನಗೂ, ಕಾಳು ಮಾತ್ರ ಜಾಸ್ತಿ. ವೇ ಪೌಡರ್ ಪ್ರಯಾಣದ ದಿನಗಳಿಗೆ ಮಾತ್ರ. ಮೊಟ್ಟೆ ತಿನ್ನದ ಮನೆಯಾದರೆ ಬೆಳಗ್ಗಿನ ಜಾಗಕ್ಕೆ ಆ ಸ್ಕೂಪನ್ನೇ ತರಬಹುದು. ಕಿಡ್ನಿ ತೊಂದರೆ ಇರುವವರು ಇದ್ಯಾವುದನ್ನೂ ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.