ಅಂಗಡಿ ಸೆಟ್, ಸ್ವಂತ ಜೋಡಣೆ, ಆಫೀಸಿನ ಹಳೇ ಪೆಟ್ಟಿಗೆ: ಮೂರನ್ನೂ ಬಳಸಿ ನೋಡಿದ ಮೇಲೆ

ತುಮಕೂರಿನಲ್ಲಿ ನನ್ನದು ಡಿಟಿಪಿ ಕೆಲಸ. ಮದುವೆ ಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ, ಆಗಾಗ ಒಂದು 200 ಪುಟದ ಪುಸ್ತಕ, ಮದುವೆ ಸೀಸನ್ ಬಂದರೆ ವಿಡಿಯೋ ಎಡಿಟಿಂಗ್. ಮನೆಯಲ್ಲೇ ಕೂತು ಮಾಡುವುದರಿಂದ ಕಂಪ್ಯೂಟರ್ ನಿಂತರೆ ಆ ದಿನದ ದುಡಿಮೆಯೂ ನಿಲ್ಲುತ್ತದೆ. 2019ರಿಂದ ಈಚೆಗೆ ನಾನು ಮೂರು ಕಂಪ್ಯೂಟರ್ ಕೊಂಡೆ, ಮೂರೂ ಬೇರೆ ಬೇರೆ ದಾರಿಯಲ್ಲಿ. ಮೊದಲನೆಯದು ಅಂಗಡಿಯವರೇ ಕಟ್ಟಿಕೊಟ್ಟ ಸೆಟ್. ಎರಡನೆಯದು ಒಂದೊಂದೇ ಭಾಗ ಆರಿಸಿ ತಂದು ಮನೆಯಲ್ಲಿ ಜೋಡಿಸಿದ್ದು. ಮೂರನೆಯದು ಕಂಪನಿ ಆಫೀಸಿನಿಂದ ಹೊರಬಿದ್ದ, ರಿಫರ್ಬಿಶ್ ಮಾಡಿ (ಅಂದರೆ ರಿಪೇರಿ ಮಾಡಿ, ಮತ್ತೆ ಸಜ್ಜುಗೊಳಿಸಿ) ಮಾರುವ ಪೆಟ್ಟಿಗೆ. ಅದು ತಂಗಿಯ ಮಗನಿಗೆ. ಬೇರೆ ಬೇರೆ ವರ್ಷದ ಯಂತ್ರಗಳ ವೇಗವನ್ನು ಒಂದರ ಪಕ್ಕ ಒಂದಿಟ್ಟು ಅಳೆಯುವುದು ನ್ಯಾಯವಲ್ಲ. ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು, ಆಮೇಲೆ ಏನೇನು ಅನುಭವಿಸಿದೆ ಅನ್ನುವುದನ್ನು ಮಾತ್ರ ಹೋಲಿಸುತ್ತೇನೆ.

ಮೊದಲನೆಯದಕ್ಕೆ ಮಾನಿಟರ್ ಬಿಟ್ಟು 28,000 ರೂಪಾಯಿ ಆಯಿತು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಪ್ರೊಸೆಸರ್ ಹೆಸರು ದಪ್ಪಗೆ ಇತ್ತು: ಕೋರ್ ಐ3-8100. ಅದರ ಕೆಳಗೆ 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಕೊನೆಯ ಸಾಲಿನಲ್ಲಿ 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್' ಅಂತ ಮಾತ್ರ ಇತ್ತು. ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ. ಯಾವ ಕಂಪನಿಯದು, ಎಷ್ಟು ವ್ಯಾಟಿನದು ಅಂತ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಪ್ರೊಸೆಸರ್ ಚೆನ್ನಾಗಿದ್ದರೆ ಕಂಪ್ಯೂಟರ್ ಚೆನ್ನಾಗಿದ್ದಂತೆ ಅಂದುಕೊಂಡಿದ್ದೆ.

ಎರಡು ವರ್ಷ ತೊಂದರೆ ಇರಲಿಲ್ಲ. ಒಂದು ಬೇಸಿಗೆಯ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯಿತು. ಬಂದಾಗ ಪೆಟ್ಟಿಗೆಯ ಹಿಂದಿನಿಂದ ಪಟ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನು ಸತ್ತದ್ದಲ್ಲದೆ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಮೂರು ಮದುವೆಯ ವಿಡಿಯೋ, ಒಂದು ಊರಹಬ್ಬದ ಸಂಚಿಕೆ ಅದರಲ್ಲೇ ಇದ್ದವು. ಸಂಚಿಕೆಯ ಕರಡು ಮಿಂಚಂಚೆಯಲ್ಲಿ ಸಿಕ್ಕಿತು; ಒಂದು ಮದುವೆಯ ಧಾರೆಯ ಭಾಗ ಎಲ್ಲೂ ಸಿಗಲಿಲ್ಲ. ಆ ಮನೆಯವರ ಮುಂದೆ ನಿಂತು ಹೇಳಿದ್ದು ಇವತ್ತಿಗೂ ನನಗೆ ನೋವಿನ ವಿಷಯ. ಬಿಚ್ಚಿ ಆ ಎಸ್‌ಎಂಪಿಎಸ್ ಕೈಗೆತ್ತಿಕೊಂಡರೆ ಖಾಲಿ ಡಬ್ಬಿಯಷ್ಟು ಹಗುರ. ಮೇಲೆ 450 ವ್ಯಾಟ್ ಎಂಬ ಸ್ಟಿಕರ್, ಒಳಗೆ ದಾರದಂಥ ವೈರುಗಳು.

ಅದಕ್ಕೇ 2023ರಲ್ಲಿ ಎರಡನೆಯದರ ಪಟ್ಟಿ ಬರೆಯುವಾಗ ಕೆಳಗಿನಿಂದ ಮೇಲಕ್ಕೆ ಬರೆದೆ. ಮೊದಲು ಯುಪಿಎಸ್, ಆಮೇಲೆ ಎಸ್‌ಎಂಪಿಎಸ್, ಆಮೇಲೆ ಎಲ್ಲ ಭಾಗಗಳೂ ಕೂರುವ ಬೋರ್ಡ್ (ಮದರ್‌ಬೋರ್ಡ್), ಕೊನೆಗೆ ಪ್ರೊಸೆಸರ್. ಬಜೆಟ್ 45,000.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಎರಡು ಸಲ ಹೋದೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅಲ್ಲಿಂದ ನಡೆದೇ ಹೋಗಬಹುದು. ಮೊದಲ ಸಲ ಏನನ್ನೂ ಕೊಳ್ಳಲಿಲ್ಲ; ಐದು ಅಂಗಡಿಯಲ್ಲಿ ಒಂದೇ ಪಟ್ಟಿ ತೋರಿಸಿ ದರ ಬರೆಸಿಕೊಂಡೆ. ಒಟ್ಟು ಮೊತ್ತ ಕೇಳಿದರೆ ಎಲ್ಲರೂ ಹತ್ತಿರ ಹತ್ತಿರದ ಅಂಕಿಯನ್ನೇ ಹೇಳುತ್ತಾರೆ. ಸಾಲುಸಾಲಾಗಿ ಬರೆಸಿದಾಗಲೇ ಒಬ್ಬರು ಪ್ರೊಸೆಸರ್‌ನಲ್ಲಿ ಬಿಟ್ಟ 400 ರೂಪಾಯಿಯನ್ನು ಕ್ಯಾಬಿನೆಟ್‌ನಲ್ಲಿ ಹಿಡಿದದ್ದು ಕಾಣಿಸಿತು. "ಸಾರ್, ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬರುತ್ತೆ, ಸುಮ್ನೆ ಯಾಕೆ ಬೇರೆ ನಾಲ್ಕು ಸಾವಿರ?" ಅಂತ ಮೂರು ಕಡೆ ಕೇಳಿದರು. ಆ ನಾಲ್ಕು ಸಾವಿರವನ್ನು ನಾನು ಬಿಡಲಿಲ್ಲ.

ಕೊನೆಗೆ ಕೊಟ್ಟ ಲೆಕ್ಕ ಹೀಗಿತ್ತು. ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ 12,200. ಬಿ550 ಚಿಪ್‌ಸೆಟ್‌ನ ಬೋರ್ಡ್ 9,300. ಡಿಡಿಆರ್4 ರ‍್ಯಾಮ್ 8 ಜಿಬಿಯ ಎರಡು ಕಡ್ಡಿ 3,600. ಹಾರ್ಡ್ ಡಿಸ್ಕಿನ ಬದಲು ಬಳಸುವ, ವೇಗದ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 4,400. 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಮುದ್ರೆಯ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ಗುರುತು) ಎಸ್‌ಎಂಪಿಎಸ್ 4,100. ಎರಡು ಫ್ಯಾನಿನ ಕ್ಯಾಬಿನೆಟ್ 2,900. ಪೆಟ್ಟಿಗೆಗೇ 36,500 ಆಯಿತು. 24 ಇಂಚಿನ ಐಪಿಎಸ್ ಮಾನಿಟರ್ 8,700, ಕೀಬೋರ್ಡ್-ಮೌಸ್ 1,100, 600 ವಿಎ ಯುಪಿಎಸ್ 3,200 ಸೇರಿಸಿದರೆ ಒಟ್ಟು 49,500. ಬಜೆಟ್ ದಾಟಿದ 4,500ರಲ್ಲಿ 4,100 ಬೋರ್ಡಿನದೇ. 5,200ರ ಎ520 ಬೋರ್ಡ್ ತಂದಿದ್ದರೂ ಯಂತ್ರ ಅಷ್ಟೇ ಚೆನ್ನಾಗಿ ಓಡುತ್ತಿತ್ತು. ನಾನು ನೋಡಿದ ಆ ಬೋರ್ಡಿನಲ್ಲಿ ರ‍್ಯಾಮ್‌ಗೆ ಎರಡೇ ಜಾಗ, ಇದರಲ್ಲಿ ನಾಲ್ಕು. ಮುಂದಿನ ವರ್ಷ ದೊಡ್ಡ ಫೋಟೋ ಫೈಲುಗಳು ತಡವರಿಸತೊಡಗಿದಾಗ ಹಳೆಯದನ್ನು ತೆಗೆಯದೆ ಇನ್ನೆರಡು ಕಡ್ಡಿ ಸಿಕ್ಕಿಸಿದೆ. ಹೀಗೆ ಬೆಳೆಸುವ ಯೋಚನೆ ಇಲ್ಲದವರಿಗೆ ಆ 4,100 ದಂಡವೇ.

ರ‍್ಯಾಮ್ ವಿಷಯದಲ್ಲಿ ಒಂದು ಮಾತು. 16 ಜಿಬಿಯ ಒಂದೇ ಕಡ್ಡಿ ಕೊಡುತ್ತೇವೆ, 200 ಕಮ್ಮಿ ಅಂದರು. 5600ಜಿಯಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ. ಅದಕ್ಕೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳಬೇಕು. 3200 ವೇಗದ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಜೋಡಿಯಾದರೆ 51.2. ಮನೆಯಲ್ಲಿ ಒಂದು ಕಡ್ಡಿ ಕಿತ್ತು ನೋಡಿದೆ. ಟೈಪಿಂಗ್, ಪುಟ ವಿನ್ಯಾಸದಲ್ಲಿ ಏನೂ ಗೊತ್ತಾಗಲಿಲ್ಲ. ವಿಡಿಯೋ ಟೈಮ್‌ಲೈನ್ ಎಳೆದರೆ ಚಿತ್ರ ಕುಂಟುತ್ತಿತ್ತು.

ಜೋಡಿಸಿದ್ದು ಊಟದ ಮೇಜಿನ ಮೇಲೆ, ಒಂದು ಭಾನುವಾರ. ಈ ಪ್ರೊಸೆಸರ್‌ನ ಕೆಳಮೈಯಲ್ಲಿ ಕೂದಲೆಳೆಯಂಥ ಪಿನ್ನುಗಳಿರುತ್ತವೆ. ಅದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್ಟಿನ ಮೂಲೆಯ ತ್ರಿಕೋನ ಒಂದಾಗುವಂತೆ ಇಟ್ಟರೆ ತಾನಾಗಿ ಕೂರುತ್ತದೆ, ಒತ್ತಲೇಬಾರದು. ಜೊತೆಗೆ ಬಂದ ಕೂಲರ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಬೋರ್ಡಿನ ಮೇಲಿರುವ ಪ್ಲಾಸ್ಟಿಕ್ ಪಟ್ಟಿಗಳನ್ನು ಮೊದಲು ತೆಗೆಯಬೇಕು, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಎಲ್ಲ ಮುಗಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಮಾನಿಟರ್ ಕಪ್ಪಗೇ ಇತ್ತು. ಒಂದು ಗಂಟೆ ಒದ್ದಾಡಿದೆ. ರ‍್ಯಾಮ್‌ನ ಒಂದು ಕಡ್ಡಿ ಪೂರ್ತಿ ಕೂತಿರಲಿಲ್ಲ. ಹೆಬ್ಬೆರಳಿಂದ ಒತ್ತಿದಾಗ ಟಕ್ ಅಂದಿತು, ಪರದೆ ಬೆಳಗಿತು. ಕಡ್ಡಿಗಳು ಮಾತ್ರ 3200ರ ಬದಲು 2400ರಲ್ಲಿ ಓಡುತ್ತಿದ್ದವು. ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಪುಟ) ಹೋಗಿ, ಕಡ್ಡಿಗಳನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್ಎಂಪಿ ಆನ್ ಮಾಡಿದ ಮೇಲೆ ಸರಿಹೋಯಿತು. ಅಂಗಡಿ ಸೆಟ್ ತಂದವರಲ್ಲಿ ಇದನ್ನು ಆನ್ ಮಾಡದೆ ವರ್ಷಗಟ್ಟಲೆ ಬಳಸುತ್ತಿರುವ ಇಬ್ಬರನ್ನು ನಾನೇ ನೋಡಿದ್ದೇನೆ.

ಕೈಯಲ್ಲಿ ಜೋಡಿಸಿದ್ದರಿಂದ ಉಳಿದ ದುಡ್ಡು ಹೆಚ್ಚೇನಲ್ಲ, ಜೋಡಿಸಿಕೊಡಲು ಅಂಗಡಿಯವರು ಕೇಳಿದ್ದು 800. ಅದಕ್ಕಿಂತ ಹೆಚ್ಚಿನ ಲಾಭ ಎಂದರೆ ಪ್ರತಿ ಡಬ್ಬಿ, ಪ್ರತಿ ಸೀರಿಯಲ್ ನಂಬರ್, ಪ್ರತಿ ಬಿಲ್ಲು ನನ್ನ ಹತ್ತಿರ ಇವೆ. ಬಿಲ್ ಬೇಡ ಅಂದರೆ ಇಷ್ಟು ಕಡಿಮೆ ಮಾಡುತ್ತೇವೆ ಅನ್ನುವ ಮಾತು ಎಲ್ಲ ಕಡೆ ಬರುತ್ತದೆ. ಬಿಡಿಭಾಗಗಳ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಆಸೆಯಾಗುವುದು ಸಹಜ. ವಾರಂಟಿ ಇರುವುದು ಒಂದೊಂದು ಭಾಗಕ್ಕೆ ಒಂದೊಂದು ಕಂಪನಿಯಿಂದ, ಅದಕ್ಕೆ ಬಿಲ್ಲೇ ಆಧಾರ. ಒಂದು ಫ್ಯಾನ್ ಕೆಟ್ಟಾಗ ಬಿಲ್ ತೋರಿಸಿ ಬದಲಿಸಿಕೊಂಡೆ. ರ‍್ಯಾಮ್, ಎಸ್‌ಎಸ್‌ಡಿ ಎರಡನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ, ಅವು ಪುಟ್ಟವು, ದಾರಿಯಲ್ಲಿ ಏಟು ಬೀಳುವುದು ಕಡಿಮೆ. ಬೋರ್ಡ್, ಪ್ರೊಸೆಸರನ್ನು ಕಣ್ಣೆದುರೇ ಡಬ್ಬಿ ಬಿಚ್ಚಿಸಿ, ಪಿನ್ ನೋಡಿ ತರುವುದು ಒಳ್ಳೆಯದು.

ಇಂಟೆಲ್ ಯಾಕೆ ಬೇಡ ಅಂದಿರಿ ಅಂತ ಕೇಳುವವರಿಗೆ: ಗೆಳೆಯನೊಬ್ಬ ಅದೇ ತಿಂಗಳು ಐ5-12400, ಎಚ್610 ಬೋರ್ಡ್ ತಂದ. ಎರಡೂ ಸೇರಿ 22,800. ನನ್ನ ಜೋಡಿಗಿಂತ 1,300 ಹೆಚ್ಚು. ಎರಡರಲ್ಲೂ 6 ಕೋರ್, 12 ಥ್ರೆಡ್. ವಿಡಿಯೋ ಎಕ್ಸ್‌ಪೋರ್ಟ್ ಅವನದರಲ್ಲಿ ಬೇಗ ಮುಗಿಯುತ್ತದೆ, ವಿಡಿಯೋ ಕೆಲಸಕ್ಕೆಂದೇ ಪ್ರೊಸೆಸರ್ ಒಳಗಿರುವ ಇಂಟೆಲ್‌ನ ಕ್ವಿಕ್ ಸಿಂಕ್ ಎಡಿಟಿಂಗ್ ತಂತ್ರಾಂಶಕ್ಕೆ ಚೆನ್ನಾಗಿ ಒಗ್ಗುತ್ತದೆ. ಅವನ ಮಗ ಆಟ ಆಡುವಾಗ ಮಾತ್ರ ನನ್ನ ಯಂತ್ರದ ಚಿತ್ರ ನಯ. ದಿನವೂ ವಿಡಿಯೋ ಮಾಡುವವನಾಗಿದ್ದರೆ ನಾನೂ ಅವನ ಹಾದಿಯನ್ನೇ ಹಿಡಿಯುತ್ತಿದ್ದೆ.

ಮೂರನೆಯದು 2024ರ ಕೊನೆಯಲ್ಲಿ. ತಂಗಿಯ ಮಗ ಡಿಪ್ಲೊಮಾ ಸೇರಿದ. "ಮಾವ, 20 ಸಾವಿರದೊಳಗೆ ಆಗುತ್ತಾ?" ಅಂದ. ಆ ದುಡ್ಡಿಗೆ ಹೊಸ ಭಾಗ ಜೋಡಿಸಲು ಕೂತರೆ ಕೈಬಿಡಬೇಕಾಗುವುದು ಮತ್ತೆ ಎಸ್‌ಎಂಪಿಎಸ್ಸನ್ನೇ. ಹಾಗಾಗಿ 8ನೇ ತಲೆಮಾರಿನ ಕೋರ್ ಐ5-8500 ಪ್ರೊಸೆಸರ್ ಇರುವ ಸಣ್ಣ ಆಫೀಸ್ ಪೆಟ್ಟಿಗೆ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಒಂದು ವರ್ಷದ ಅಂಗಡಿ ವಾರಂಟಿ ಸೇರಿ 14,500ಕ್ಕೆ ತಂದೆವು. ಇನ್ನೊಂದು 8 ಜಿಬಿ ಕಡ್ಡಿ 1,500. ಮಾನಿಟರ್ ನನ್ನ ಹಳೆಯದು. ಇದಕ್ಕಿಂತ ಹಳೆಯ, 6ನೇ ತಲೆಮಾರಿನದು 9,000ಕ್ಕೇ ಸಿಗುತ್ತಿತ್ತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನವನ್ನು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಬಳಸುವ ಮನಸ್ಸಿದ್ದರೆ ಮಾತ್ರ ಆ 9,000ದ್ದು ಚೆನ್ನ.

ಈ ಪೆಟ್ಟಿಗೆಯ ಗಟ್ಟಿತನ ನೋಡಿ ಖುಷಿಯಾಯಿತು. ಸದ್ದೇ ಇಲ್ಲ. ವ್ಯಾಟ್ ಮೀಟರ್ ಇಟ್ಟು ನೋಡಿದೆ: ಸುಮ್ಮನಿದ್ದಾಗ ಇದು ಎಳೆಯುವುದು 17 ವ್ಯಾಟ್, ನನ್ನದು 32. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಮೂರೂವರೆ ಯೂನಿಟ್ ವ್ಯತ್ಯಾಸ, 25 ರೂಪಾಯಿ ಆಚೀಚೆ. ಕರೆಂಟ್ ಬಿಲ್ ನೋಡಿ ಆರಿಸುವ ಅಗತ್ಯವಿಲ್ಲ. ಇದರ ಕೊರತೆ ಬೇರೆ ಕಡೆ ಇದೆ. ಎಸ್‌ಎಂಪಿಎಸ್ ಅದೇ ಮಾದರಿಗೆ ಮಾಡಿದ್ದು, ಪಿನ್ನುಗಳೂ ಬೇರೆ. ಕೆಟ್ಟರೆ ಪೇಟೆಯ ಮಾಮೂಲಿ ಎಸ್‌ಎಂಪಿಎಸ್ ಹಾಕಲಾಗದು, ಅಂಥದ್ದನ್ನೇ ಹುಡುಕಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕುವುದಿದ್ದರೂ ಅರ್ಧ ಎತ್ತರದ, ಕಡಿಮೆ ವಿದ್ಯುತ್ ಕುಡಿಯುವ ಕೆಲವೇ ಕಾರ್ಡುಗಳು ಹಿಡಿಯುತ್ತವೆ.

ಮೂರರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಎರಡನೆಯದೇ. ಆದರೆ 2025ರ ಕೊನೆಯಿಂದ ಲೆಕ್ಕ ಬದಲಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ದರ ಏರಿದೆ. ನಾನು 3,600ಕ್ಕೆ ತಂದ ಜೋಡಿಯ ಬೆಲೆ ಈಚೆಗೆ ಅದೇ ಅಂಗಡಿಯಲ್ಲಿ ಕೇಳಿದರೆ ದುಪ್ಪಟ್ಟಿಗೂ ಮೀರಿ ಹೇಳಿದರು. ರ‍್ಯಾಮ್ ಸಮೇತ ಬರುವ ಹಳೇ ಪೆಟ್ಟಿಗೆಗೆ ಈಗ ತೂಕ ಹೆಚ್ಚು. ಈಗಾಗಲೇ ಡಿಡಿಆರ್4 ಯಂತ್ರ ಇರುವವರು ಕಡ್ಡಿಗಳನ್ನು ಉಳಿಸಿಕೊಂಡು, ಅದಕ್ಕೆ ಹೊಂದುವ ಬೋರ್ಡ್, ಪ್ರೊಸೆಸರ್ ಮಾತ್ರ ಬದಲಿಸಬಹುದು. ಮುಂದಿನ ತಲೆಮಾರಿನ ಡಿಡಿಆರ್5 ಮಾತ್ರ ಹಿಡಿಯುವ, ಎಎಂಡಿಯ ಹೊಸ ಎಎಂ5 ಸಾಕೆಟ್ಟಿಗೆ ಹೋದರೆ ರ‍್ಯಾಮನ್ನೂ ಹೊಸದಾಗಿ ಕೊಳ್ಳಬೇಕು.

ತಂಗಿಯ ಮಗನಿಗೆ ಈಗ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಒಂದು ವರ್ಷ ತಡೆ, ಈ ಪೆಟ್ಟಿಗೆಯಲ್ಲೇ ಕಲಿ ಅಂದಿದ್ದೇನೆ. ಅಷ್ಟರಲ್ಲಿ ತಿಂಗಳಿಗೊಂದು ಸಾವಿರ ಎತ್ತಿಡುತ್ತಿದ್ದಾನೆ. ಮುಂದಿನ ಯಂತ್ರಕ್ಕೆಂದು ಮೊದಲು ಕೊಳ್ಳುವುದು 650 ವ್ಯಾಟಿನ ಎಸ್‌ಎಂಪಿಎಸ್, ಒಂದು ದೊಡ್ಡ ಕ್ಯಾಬಿನೆಟ್. ಅವೆರಡರ ದರ ಬರೆಸಿಕೊಂಡು ಬರಲು ಬರುವ ಶನಿವಾರ ಇಬ್ಬರೂ ಚಿಕ್ಕಪೇಟೆಗೆ ಹೋಗುತ್ತಿದ್ದೇವೆ.