ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್: ಒಳಗಿದ್ದವರಿಗೆ ಭರ್ಜರಿ, ಹೊರಗಿದ್ದವರ ಗತಿ?

ಸರ್ಕಾರಿ ಕಾಲೇಜಿನಲ್ಲೋ ಸರ್ಕಾರಿ ವಿಶ್ವವಿದ್ಯಾಲಯದಲ್ಲೋ ಓದುತ್ತಿದ್ದೀರಾ, ಪಾಠ ಮಾಡುತ್ತಿದ್ದೀರಾ? ಹಾಗಿದ್ದರೆ ದುಡ್ಡು ಕೊಟ್ಟು ಓದಬೇಕಾದ ಸಂಶೋಧನಾ ಜರ್ನಲ್‌ಗಳನ್ನು ಪುಕ್ಕಟೆ ಓದಲು ಬಿಡುವ ಕೇಂದ್ರ ಸರ್ಕಾರದ ಈ ಯೋಜನೆಯನ್ನು ಬಳಸದೇ ಇರಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಜೊತೆಗೆ ಪಿಎಚ್‌ಡಿ ಕೆಲಸವೂ ನಡೆದಿದೆ. ಮೊದಲೆಲ್ಲ ಒಂದು ಪೇಪರ್, ಅಂದರೆ ಸಂಶೋಧನಾ ಲೇಖನ, ಬೇಕು ಅಂದರೆ ಅದರ ಅಬ್‌ಸ್ಟ್ರಾಕ್ಟ್ (ಸಾರಾಂಶ) ಓದಿ ಆಸೆ ಹುಟ್ಟುತ್ತಿತ್ತು, ಕೆಳಗೆ ನೋಡಿದರೆ ಮೂವತ್ತೋ ನಲವತ್ತೋ ಡಾಲರ್ ಕೊಡಿ ಅಂತ ಬರುತ್ತಿತ್ತು, ಅಲ್ಲಿಗೆ ಮುಗಿಯಿತು. ಒಂದು ಪೇಪರಿಗೆ ಮೂರು ಸಾವಿರ ರೂಪಾಯಿ, ಯಾರು ಕೊಡುತ್ತಾರೆ? ಈಗ ಅಮೆರಿಕನ್ ಕೆಮಿಕಲ್ ಸೊಸೈಟಿ, ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ ಹೀಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸಿಗುತ್ತವೆ. ಕಾಲೇಜಿನ ನೆಟ್‌ನಲ್ಲಿ ಕೂತರೆ ಪಿಡಿಎಫ್ ಸೀದಾ ತೆರೆದುಕೊಳ್ಳುತ್ತದೆ. ಮನೆಯಿಂದ ನೋಡಬೇಕು ಅಂದರೆ ಇನ್‌ಫೆಡ್ ಲಾಗಿನ್ (ಕಾಲೇಜಿನ ಹೊರಗಿನಿಂದಲೂ ಜರ್ನಲ್ ತೆರೆಯಲು ಬಿಡುವ ಖಾತೆ) ಬೇಕು, ಅದನ್ನು ನಿಮ್ಮ ಲೈಬ್ರೇರಿಯನ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಸುಮ್ನೆ ಬಿಡಬೇಡಿ, ಬೆನ್ನು ಹತ್ತಿ ಮಾಡಿಸಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬರೋಣ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 6,300 ಸಂಸ್ಥೆಗಳು, 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಭಾಗಿಸಿ ನೋಡಿ, ತಲೆಗೆ ವರ್ಷಕ್ಕೆ ಸಾವಿರದ ನೂರು ರೂಪಾಯಿ ಚಿಲ್ಲರೆ. ಒಂದು ಪೇಪರಿನ ಬೆಲೆಗೆ ಹೋಲಿಸಿದರೆ ಅಗ್ಗ ಅನ್ನಿಸುತ್ತದೆ. ಒಬ್ಬೊಬ್ಬರೇ ಹೋಗಿ ಚೌಕಾಸಿ ಮಾಡುವ ಬದಲು ಇಡೀ ದೇಶ ಒಟ್ಟಿಗೆ ಕೂತು ಮಾತಾಡಿತಲ್ಲ, ಅದನ್ನು ಮೆಚ್ಚಲೇಬೇಕು.

ಆದರೆ ನನ್ನ ತಕರಾರು ಇರುವುದು ಇಲ್ಲೇ. ಪ್ರಯೋಗಕ್ಕೆ ದುಡ್ಡು ಕೊಟ್ಟಿದ್ದು ಸರ್ಕಾರ, ಅಂದರೆ ನಾವು. ಪೇಪರ್ ಬರೆದವರಿಗೆ ಪ್ರಕಾಶಕರು ಒಂದು ಪೈಸೆ ಕೊಡುವುದಿಲ್ಲ. ಪೀರ್ ರಿವ್ಯೂ, ಅಂದರೆ ಅಚ್ಚಿಗೆ ಮುಂಚೆ ಪೇಪರನ್ನು ಪರಿಶೀಲಿಸುವ ಕೆಲಸ, ಮಾಡುವವರದ್ದೂ ಬಿಟ್ಟಿ ದುಡಿಮೆಯೇ. ಅಷ್ಟಾದ ಮೇಲೆ ಕಾಪಿರೈಟ್ ಬರೆದುಕೊಟ್ಟು, ನಾವೇ ಬರೆದಿದ್ದನ್ನು ಓದಲು ನಾವೇ ಮತ್ತೆ ವರ್ಷಕ್ಕೆ 2,000 ಕೋಟಿ ಕಟ್ಟುತ್ತಿದ್ದೇವೆ. ಎಲ್ಸೆವಿಯರ್‌ನಂಥ ಕಂಪನಿಯ ಲಾಭ ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ. ಇದು ಸರಿಯಾ? ಈ ಯೋಜನೆ ಆ ವ್ಯವಸ್ಥೆಯನ್ನು ಮುಟ್ಟುವುದೇ ಇಲ್ಲ, ಅದರ ಬಿಲ್ಲನ್ನು ಒಟ್ಟಾಗಿ ಕಟ್ಟುತ್ತದೆ ಅಷ್ಟೇ.

ಇನ್ನೊಂದು ಬೇಸರ ಅಂದರೆ, ಮೊದಲ ಹಂತದಲ್ಲಿ ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ, ಹಳ್ಳಿಯಲ್ಲಿ ಪ್ರಾಕ್ಟೀಸ್ ಮಾಡುವ ಡಾಕ್ಟರ್, ಕೃಷಿ ಬಗ್ಗೆ ಬರೆಯುವ ಪತ್ರಕರ್ತ, ಇವರ‍್ಯಾರಿಗೂ ಇಲ್ಲ. 2020ರ ವಿಜ್ಞಾನ ನೀತಿಯ ಕರಡಿನಲ್ಲಿ ಎಲ್ಲರಿಗೂ ಕೊಡುತ್ತೇವೆ ಅಂತಲೇ ಇತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ‘ಎಲ್ಲರೂ’ ಹೊರಗೇ ಉಳಿದರು.

ಹಾಗಂತ ಓದುವುದನ್ನು ಪುಕ್ಕಟೆ ಮಾಡಿ ಬರೆಯುವವರ ಹತ್ತಿರ ವಸೂಲಿ ಮಾಡಿದರೆ ಸರಿಹೋಗುತ್ತದೆ ಅಂತಲೂ ಅಲ್ಲ. ನೇಚರ್ ಪತ್ರಿಕೆ 2021ರಲ್ಲಿ ಇಂಥ ಓಪನ್ ಆಕ್ಸೆಸ್ ಶುರು ಮಾಡಿದಾಗ ಬರೆಯುವವರಿಗೆ ಒಂದು ಪೇಪರಿಗೆ 9,500 ಯೂರೋ ಇಟ್ಟಿತು. ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಸರ್ಕಾರಿ ಫೆಲೋಶಿಪ್) ಸಿಗುವ ಹುಡುಗನಿಗೆ ತಿಂಗಳಿಗೆ 37,000 ರೂಪಾಯಿ. ಅವನ ಎರಡು ವರ್ಷದ ಫೆಲೋಶಿಪ್ ಪೂರ್ತಿ ಸುರಿದರೆ ಹೆಚ್ಚುಕಡಿಮೆ ಒಂದು ಪೇಪರ್ ಹೊರಬಂದೀತು!

ಹಾಗಾದರೆ ಬೇರೆ ದಾರಿ ಏನು ಅಂತ ಕೇಳಿದರೆ ನಾನು ಬೆಂಗಳೂರನ್ನೇ ತೋರಿಸುತ್ತೇನೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇಲ್ಲೇ ಇದೆ. ಅದರ ಸೈಟಿಗೆ ಮೊಬೈಲಿನಲ್ಲೇ ಹೋಗಿ, ರಾಮನ್ ಮತ್ತು ನಾಗೇಂದ್ರನಾಥ್ 1935ರಲ್ಲಿ ಶಬ್ದದ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಅಂತ ಬರೆದ ಪೇಪರ್ ಹುಡುಕಿ. ಲಾಗಿನ್ ಇಲ್ಲ, ಕಾಸಿಲ್ಲ, ನೀವು ಯಾವ ಕಾಲೇಜಿನವರು ಅಂತ ಯಾರೂ ಕೇಳುವುದಿಲ್ಲ. ಹಳೇ ಅಚ್ಚಿನ ಪುಟಗಳು, ಸ್ಕ್ಯಾನ್ ಮಾಡಿದ್ದು, ಚೆನ್ನಾಗಿ ಓದಬಹುದು. 1996ರಿಂದ ಬರುತ್ತಿರುವ ರೆಸೊನೆನ್ಸ್ ಪತ್ರಿಕೆಯೂ ಅಲ್ಲೇ ಸಿಗುತ್ತದೆ. ನಮ್ಮ ಬಿಎಸ್ಸಿ ಮಕ್ಕಳಿಗೆ ಸೆಮಿನಾರ್ ಕೊಡುವಾಗ ನಾನು ಮೊದಲು ಹೇಳುವುದು ಅದನ್ನೇ. ಆ 2,000 ಕೋಟಿಯಲ್ಲಿ ಸಣ್ಣ ಪಾಲನ್ನು ಇಂಥ ಜರ್ನಲ್‌ಗಳಿಗೆ ಕೊಟ್ಟು, ಒಳ್ಳೆಯ ಸಂಪಾದಕರನ್ನೂ ಸಿಬ್ಬಂದಿಯನ್ನೂ ಇಟ್ಟರೆ ಎಷ್ಟು ಬೆಳೆಯಬಹುದು, ಅಲ್ವಾ? ಅದಕ್ಕೆ ಬಡ್ತಿ ಕೊಡುವ ಸಮಿತಿಗಳೂ ಬದಲಾಗಬೇಕು. ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ) ಬಿಟ್ಟು ಪೇಪರನ್ನೇ ಓದಬೇಕು. ಅಲ್ಲಿಯವರೆಗೆ ಯಾರು ತಾನೇ ದೊಡ್ಡ ಪ್ರಕಾಶಕರನ್ನು ಬಿಟ್ಟು ಬರುತ್ತಾರೆ?

ಬಳಸುವವರ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಸುಧಾರಣೆ ಅಂತ ನೋಡಿದರೆ ಎರಡು. ಲಾಗಿನ್ ಸಿಗದವರು ಬ್ರೌಸರಿಗೆ ಅನ್‌ಪೇವಾಲ್ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಪೇಪರಿನ ಪುಟದಲ್ಲಿ ಹಸಿರು ಬೀಗ ಕಂಡರೆ ಕಾನೂನುಬದ್ಧ ಉಚಿತ ಪ್ರತಿ ಇದೆ ಅಂತ ಅರ್ಥ. ಅಲ್ಲೂ ಸಿಗದಿದ್ದರೆ ಬರೆದವರಿಗೇ ಒಂದು ಇಮೇಲ್ ಹಾಕಿ, ಮುಜುಗರ ಬೇಡ, ಸಾಮಾನ್ಯವಾಗಿ ಸಂತೋಷದಿಂದಲೇ ಕಳಿಸುತ್ತಾರೆ.